ಹದಿಹರೆಯದವರಿಗೆ ‘ಒಳ್ಳೆಯ’ ಪುಸ್ತಕ ಯಾವುದು?

ಅಭ್ಯಾಸ ಬೋಧನೆಗೆ ಹೋಗುವ ಕನ್ನಡ ಪ್ರಶಿಕ್ಷಣಾರ್ಥಿಗಳಿಗೆ ಪೋಷಕರಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಮಕ್ಕಳಿಗೆ ಓದಲು ಒಳ್ಳೆಯ ಪುಸ್ತಕಗಳ ಪಟ್ಟಿ ಕೊಡಿ.’ ಕ್ರೈಸ್ತ ಆಡಳಿತದ ಶಾಲೆಗಳ ಮೌಲ್ಯ ಶಿಕ್ಷಣದ ಅವಧಿಗೆ ಇಂಥ ಪಟ್ಟಿ ಬೇಕು. ಮಕ್ಕಳಿಗೆ ಮನೆಯಲ್ಲೇ ಕಲಿಸಿ, 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೇ ತರಗತಿಯ ಪರೀಕ್ಷೆ ಕಟ್ಟಿಸಬೇಕೆನ್ನುವ ಕ್ರೈಸ್ತ ಪೋಷಕರಿಗಂತೂ ಇದು ಇನ್ನೂ ಮುಖ್ಯ. ಅಲ್ಲಿ ಪುಸ್ತಕದ ಆಯ್ಕೆಯೇ ಅರ್ಧ ಪಠ್ಯಕ್ರಮ. ‘ಒಳ್ಳೆಯದು’ ಎಂದರೆ ಏನು ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ಸಾವು, ಮೋಸ, ಕುಡಿತ, ಪ್ರೇಮ ಇರಬಾರದು, ಬೇರೆ ಧರ್ಮದ ದೇವರ ಮಾತು ಇರಬಾರದು, ಕೊನೆಯಲ್ಲಿ ನೀತಿ ಇರಬೇಕು.

ಪೋಷಕರ ಈ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ತಮ್ಮ ನಂಬಿಕೆಯಲ್ಲಿ ಮಕ್ಕಳನ್ನು ಬೆಳೆಸುವುದು ಅವರ ಹಕ್ಕು. ಕ್ರೌರ್ಯವನ್ನೋ ಕಾಮವನ್ನೋ ರುಚಿಗಾಗಿ ಬಣ್ಣಿಸುವ ಪುಸ್ತಕವನ್ನು ನಾನೂ ಎಂಟನೇ ತರಗತಿಗೆ ಒಯ್ಯುವುದಿಲ್ಲ. ಆದರೆ ಈ ಅಳತೆಗೋಲು ಅವರ ಉದ್ದೇಶಕ್ಕೇ ಅಡ್ಡ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಈ ಅಳತೆಗೆ ಮೊದಲು ಸೋಲುವುದು ಬೈಬಲ್ಲೇ. ಅಲ್ಲಿ ಯೋಸೇಫನನ್ನು ಅಣ್ಣಂದಿರೇ ಮಾರುತ್ತಾರೆ. ಪೇತ್ರನು ಮೂರು ಸಲ ತನ್ನ ಗುರುವನ್ನೇ ಅರಿಯೆನೆನ್ನುತ್ತಾನೆ. ದಾವೀದ ಅರಸನು ಊರೀಯನ ಹೆಂಡತಿಗೆ ಆಸೆಪಟ್ಟು ಊರೀಯನನ್ನು ಯುದ್ಧದಲ್ಲಿ ಸಾಯುವಂತೆ ಮಾಡುತ್ತಾನೆ. ಆಗ ಪ್ರವಾದಿ ನಾತಾನನು ಉಪದೇಶದಿಂದ ಆರಂಭಿಸುವುದಿಲ್ಲ. ಬಡವನೊಬ್ಬನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಸಿರಿವಂತನ ಕಥೆ ಹೇಳುತ್ತಾನೆ. ಅರಸನು ಸಿಟ್ಟಿನಿಂದ ತೀರ್ಪು ಕೊಟ್ಟ ಮೇಲಷ್ಟೇ, ಆ ಸಿರಿವಂತ ಯಾರೆಂದು ತಿಳಿಸುತ್ತಾನೆ.

ಶಿಕ್ಷಕರು ಇಲ್ಲಿ ಗಮನಿಸಬೇಕಾದದ್ದು ಕ್ರಮವನ್ನು. ಕೇಳುಗ ಮೊದಲು ತಾನೇ ತೂಗಿದ, ಆಮೇಲೆ ಅದರಲ್ಲಿ ತನ್ನನ್ನು ಕಂಡ. ಅಭ್ಯಾಸ ಪಾಠಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದರ ತಿರುವುಮುರುವು. ಪೀಠಿಕೆಯಲ್ಲೇ ಕಪ್ಪುಹಲಗೆಯ ಮೇಲೆ ‘ಪ್ರಾಮಾಣಿಕತೆ’ ಎಂದು ಬರೆದಾಗಿರುತ್ತದೆ. ಕಥೆ ಅದಕ್ಕೊಂದು ಉದಾಹರಣೆಯಾಗಿ ಬರುತ್ತದೆ. ಹದಿನಾಲ್ಕರ ಹುಡುಗಿಗೆ ಉತ್ತರ ಮೊದಲೇ ಗೊತ್ತಾಗಿಬಿಟ್ಟರೆ ಅವಳು ಪಾಠ ಒಪ್ಪಿಸುತ್ತಾಳೆಯೇ ಹೊರತು ಕಥೆಯನ್ನು ಓದುವುದಿಲ್ಲ.

ಇನ್ನು ‘ಬೇರೆ ಧರ್ಮದ ಮಾತು’. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್, ಮುಂದೆ ನಮ್ಮ ಕೊಡಗಿಗೆ ಬಂದು ಸಿದ್ದಾಪುರದ ಬಳಿ ಆನಂದಪುರದ ಕ್ರೈಸ್ತ ನೆಲೆಯನ್ನು ಕಟ್ಟಿದವರು. ಮತಪ್ರಚಾರಕ್ಕೆಂದೇ ಬಂದವರು. ಆದರೂ ಅವರು ಹೊರತಂದ ಕನ್ನಡ ಗ್ರಂಥಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಇದ್ದವು. ಇದರಿಂದ ಅವರ ನಂಬಿಕೆ ಸಡಿಲವಾಗಲಿಲ್ಲ. ಇತ್ತ ಮಂಜೇಶ್ವರದ ಗೋವಿಂದ ಪೈ ಕ್ರೈಸ್ತರಲ್ಲ. ಯೇಸುವಿನ ಕೊನೆಯ ದಿನವನ್ನು ಕುರಿತ ‘ಗೊಲ್ಗೊಥಾ’ ಎಂಬ ಖಂಡಕಾವ್ಯ ಅವರದು. ಲೇಖಕರ ಧರ್ಮ ನೋಡಿ ಪಟ್ಟಿ ಮಾಡಿದರೆ ಕ್ರೈಸ್ತ ಮಕ್ಕಳ ಕೈಗೆ ಈ ಕಾವ್ಯವೂ ಸಿಗುವುದಿಲ್ಲ. ಅದರ ಭಾಷೆ ಕಠಿಣ. ಹತ್ತನೇ ತರಗತಿಯವರಿಗೆ ಶಿಕ್ಷಕರೇ ಭಾಗಭಾಗವಾಗಿ ಓದಿ ಹೇಳಬೇಕು.

ನೋವೇ ಇಲ್ಲದ ಪುಸ್ತಕ ಬೇಕೆನ್ನುವ ಮಾತು ಕೊಡಗಿನಲ್ಲಿ ಇನ್ನಷ್ಟು ಅಸಂಗತ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆ, ತೋಟ ಕಳೆದುಕೊಂಡು ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದ ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತವರೇ. ಎಲ್ಲವೂ ಸುಖಾಂತವಾಗುವ ಕಥೆಗಳನ್ನಷ್ಟೇ ಕೊಟ್ಟರೆ, ಪುಸ್ತಕಕ್ಕೂ ತಮ್ಮ ಬದುಕಿಗೂ ಸಂಬಂಧವಿಲ್ಲ ಎಂದು ಅಂಥ ಮಕ್ಕಳು ತೀರ್ಮಾನಿಸುತ್ತಾರೆ. ಸಾಗರದ ನಾ. ಡಿಸೋಜ ಅವರು ಕ್ರೈಸ್ತ ಮನೆತನದವರು. ಶರಾವತಿ ಕಣಿವೆಯ ಮುಳುಗಡೆಯನ್ನು ಹತ್ತಿರದಿಂದ ಕಂಡು ಬರೆದವರು. ಅವರ ‘ಮುಳುಗಡೆಯ ಊರಿಗೆ ಬಂದವರು’ ಮಕ್ಕಳ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ. ಹದಿಮೂರು, ಹದಿನಾಲ್ಕರ ಮಕ್ಕಳಿಗೆ ಇದು ತಕ್ಕದ್ದು. 1939ರಲ್ಲಿ, 27ನೇ ವಯಸ್ಸಿನಲ್ಲೇ ತೀರಿಹೋದ ಕೊಡಗಿನ ಗೌರಮ್ಮನವರ ‘ಕಂಬನಿ’ಯ ಕಥೆಗಳನ್ನು ಹದಿನೈದು, ಹದಿನಾರರವರಿಗೆ ಇಡಬಹುದು. ಸಮಾಜ ಹೆಣ್ಣಿಗೆ ಮಾಡಿದ ಅನ್ಯಾಯವನ್ನು ಅವರು ಮುಚ್ಚಿಡಲಿಲ್ಲ, ಅಬ್ಬರಿಸಿಯೂ ಹೇಳಲಿಲ್ಲ.

ಪುಸ್ತಕ ಆರಿಸುವಾಗ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಕೆಟ್ಟದ್ದು ಇಲ್ಲಿ ಕೆಟ್ಟದ್ದಾಗಿಯೇ ಕಾಣುತ್ತದೆಯೇ, ಅದರ ಬೆಲೆಯನ್ನು ಯಾರಾದರೂ ತೆರುತ್ತಾರೆಯೇ? ಪಾತ್ರಕ್ಕೆ ಹೀಗೂ ಮಾಡಬಹುದಿತ್ತು, ಹಾಗೂ ಮಾಡಬಹುದಿತ್ತು ಎಂಬ ಆಯ್ಕೆಯ ಗಳಿಗೆಯೊಂದು ಇದೆಯೇ? ಓದಿದ ಮೇಲೆ ಮಗುವಿಗೆ ಮಾತಾಡಲು ಏನಾದರೂ ಉಳಿಯುತ್ತದೆಯೇ? ಮೂರಕ್ಕೂ ಹೌದು ಎಂದಾದರೆ, ಕಥೆ ದುಃಖಾಂತವಾದರೂ ಅದು ಮನಸ್ಸನ್ನು ಎತ್ತುವ ಪುಸ್ತಕವೇ. ಲೂಕನ ಸುವಾರ್ತೆಯ ದುಂದುಗಾರ ಮಗನ ಕಥೆಯನ್ನೇ ನೋಡಿ. ಮುನಿಸಿಕೊಂಡು ಹೊರಗೆ ನಿಂತ ಹಿರಿಯ ಮಗ ಕೊನೆಗೆ ಮನೆಯೊಳಗೆ ಹೋದನೇ ಇಲ್ಲವೇ ಎಂಬುದನ್ನು ಕಥೆ ಹೇಳದೆ ಬಿಡುತ್ತದೆ. ತರಗತಿಯ ಚರ್ಚೆ ಅಲ್ಲಿಂದ ಆರಂಭವಾಗಬೇಕು.

ಪಟ್ಟಿ ಕೇಳುವ ಪೋಷಕರಿಗೆ ಪಟ್ಟಿಯ ಜೊತೆ ಒಂದು ಷರತ್ತನ್ನೂ ಹೇಳಿ: ಮಗು ಓದುವ ಪುಸ್ತಕವನ್ನು ಅದೇ ವಾರ ತಾವೂ ಓದಬೇಕು. ಮನೆಯಲ್ಲೇ ಕಲಿಸುವವರಿಗೆ ಇದು ಶಾಲೆಯವರಿಗಿಂತ ಸುಲಭ. ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟು: ಮುಂದಿನ ಅಭ್ಯಾಸ ಬೋಧನೆಯಲ್ಲಿ ಒಂದು ಅವಧಿ ಕೇಳಿ ಪಡೆದು, ನೀತಿಯನ್ನು ಹಲಗೆಯ ಮೇಲೆ ಬರೆಯದೆ ಒಂದು ಕಥೆ ಓದಿ. ಮಕ್ಕಳು ಕೊಟ್ಟ ಉತ್ತರಗಳ ಬದಲು ಅವರು ಕೇಳಿದ ಪ್ರಶ್ನೆಗಳನ್ನು ದಿನಚರಿಯಲ್ಲಿ ಬರೆದುಕೊಳ್ಳಿ. ವಿಮರ್ಶಾ ಸಭೆಗೆ ಆ ಪ್ರಶ್ನೆಗಳನ್ನು ತನ್ನಿ. ಮುಂದಿನ ವರ್ಷದ ಪಟ್ಟಿಯನ್ನು ಅವುಗಳಿಂದಲೇ ಮಾಡೋಣ.