ಗಿಟಾರಿಗೆ ಒಡವೆ ತೊಡಿಸಿದರೆ ನಾದ ಬೆಳೆಯುವುದೆ?

ಗುಂಡ್ಲುಪೇಟೆಯ ವಾದ್ಯಗೋಷ್ಠಿಯೊಂದರಲ್ಲಿ ಗಿಟಾರು ನುಡಿಸುವ ನನ್ನ ಹಳೆಯ ಶಿಷ್ಯನೊಬ್ಬ ಕಳೆದ ತಿಂಗಳು ಚಾಮರಾಜನಗರದ ನಮ್ಮ ಮನೆಗೆ ಬಂದಿದ್ದ. ಬಗಲಲ್ಲಿ ಎಲೆಕ್ಟ್ರಿಕ್ ಗಿಟಾರು. ಮುಖದಲ್ಲಿ ಮಗಳ ಮದುವೆ ಮುಗಿಸಿದವನ ಕಳೆ. ಮುಗಿಸಿದ್ದು ಮದುವೆಯನ್ನಲ್ಲ. ಹಳೆಯ ಬ್ರಿಡ್ಜನ್ನು ಕಿತ್ತು ಹಿತ್ತಾಳೆಯ ಭಾರವಾದ ಬ್ರಿಡ್ಜು, ಪ್ಲಾಸ್ಟಿಕ್ಕಿನ ನಟ್ಟು ತೆಗೆದು ಮೂಳೆಯ ನಟ್ಟು, ಜೊತೆಗೆ ಥಳಥಳಿಸುವ ಆರು ಬಿರಡೆಗಳನ್ನು ಗಿಟಾರಿಗೆ ತೊಡಿಸಿದ್ದ. ಗಿಟಾರು ಕೊಂಡದ್ದು 18,000 ರೂಪಾಯಿಗೆ. ಒಡವೆಗೆ ಬಿದ್ದದ್ದು 22,000. ಆ ದುಡ್ಡು ಹೆಂಡತಿಯ ಹೊಲಿಗೆ ಯಂತ್ರಕ್ಕೆಂದು ಎರಡು ವರ್ಷದಿಂದ ಕಟ್ಟುತ್ತ ಬಂದಿದ್ದ ಚೀಟಿಯದು.

“ಒಂದು ಸಲ ಮೀಟುದ್ರೆ ನಾದ ನಿಲ್ಲೋದೇ ಇಲ್ಲ ಮೇಷ್ಟ್ರೇ,” ಎಂದ.

ಅಂಗಡಿಯವನು ಹೇಳಿಕೊಟ್ಟ ಮಾತು ಅದು. ಅಂಗಡಿಯ ಹೆಸರು ನಮಗೆ ಬೇಡ; ಇದೇ ಮಾತನ್ನು ಹೇಳುವ ಅಂಗಡಿಗಳು ಊರೂರಿಗೂ ಇವೆ. ಭಾರ ಹೆಚ್ಚಿದರೆ ನಾದ ಹೆಚ್ಚುತ್ತದೆ ಎಂಬುದು ಅವರ ಸಿದ್ಧಾಂತ. ಭಾರವೇ ನಾದವಾಗಿದ್ದರೆ ನಮ್ಮ ಚಾಮರಾಜನಗರದ ಕರಿಕಲ್ಲಿನ ಕ್ವಾರಿಗಳಲ್ಲಿ ಹಗಲೂ ರಾತ್ರಿ ಸಂಗೀತ ಕೇಳಬೇಕಾಗಿತ್ತು.

ವಿಷಯ ಇಷ್ಟೇ. ಮೀಟಿದ ತಂತಿಗೆ ಬೆರಳು ಒಂದಿಷ್ಟು ಶಕ್ತಿಯನ್ನು ಕೊಟ್ಟಿರುತ್ತದೆ. ಅದು ಸೋರಿಹೋಗುವ ತನಕ ನಾದವಿರುತ್ತದೆ. ಸ್ವಲ್ಪ ಗಾಳಿಗೆ ಹೋಗುತ್ತದೆ, ಸ್ವಲ್ಪ ತಂತಿಯ ಒಳಗೇ ಕರಗುತ್ತದೆ, ಉಳಿದದ್ದು ತಂತಿಯ ಎರಡು ತುದಿಗಳಿಂದ ಮರಕ್ಕೆ ಇಳಿಯುತ್ತದೆ. ಮರದ ಪೆಟ್ಟಿಗೆಯ ಗಿಟಾರಿಗೆ ಈ ಸೋರಿಕೆಯೇ ಜೀವ. ಸೋರದಿದ್ದರೆ ಹಲಗೆ ನುಡಿಯದು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಹಾಗಲ್ಲ. ಅಲ್ಲಿ ತಂತಿಯ ಅಲುಗಾಟವನ್ನು ಕೆಳಗಿರುವ ಪಿಕಪ್ಪಿನ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ನೇರವಾಗಿ ಹಿಡಿಯುತ್ತವೆ. ಆದ್ದರಿಂದ ತುದಿಗಳು ಅಲುಗದಷ್ಟೂ ನಾದದ ಬಾಳಿಕೆ ಹೆಚ್ಚು. ಇಲ್ಲಿಯ ತನಕ ಅಂಗಡಿಯವನ ಮಾತು ಸರಿಯೇ.

ಆದರೆ ಸೋರುತ್ತಿರುವುದು ಯಾವ ತುದಿಯಲ್ಲಿ? ಹೆಲ್ಮುಟ್ ಫ್ಲೈಷರ್ ಎಂಬ ಜರ್ಮನ್ ವಿದ್ವಾಂಸರು ಇದನ್ನು ಅಳೆದು ನೋಡಿದ್ದಾರೆ. ಗಟ್ಟಿಮರದ ಗಿಟಾರಿನಲ್ಲಿ ಬ್ರಿಡ್ಜು ಮೊದಲೇ ಸಾಕಷ್ಟು ಸ್ಥಿರವಾಗಿರುತ್ತದೆ. ಅಲುಗುವುದು ಉದ್ದನೆಯ ಕತ್ತು. ಕತ್ತಿನ ಕಂಪನಕ್ಕೆ ಯಾವ ಸ್ವರ ಸರಿಹೊಂದುತ್ತದೋ ಆ ಸ್ವರದ ಶಕ್ತಿಯನ್ನು ಅದು ನುಂಗಿಬಿಡುತ್ತದೆ, ಆ ಮೆಟ್ಟಿಲಿನಲ್ಲಿ ನಾದ ಬೇಗ ಸಾಯುತ್ತದೆ. ನುಡಿಸುವವರೆಲ್ಲರೂ ಇದನ್ನು ಕಂಡವರೇ. ತೂಬು ಸೋರುತ್ತಿರುವಾಗ ಕೆರೆಯ ಕೋಡಿಗೆ ಗಾರೆ ಬಳಿದಂತಾಯಿತು ಹಿತ್ತಾಳೆಯ ಬ್ರಿಡ್ಜು.

ಇನ್ನು ಮೂಳೆಯ ನಟ್ಟು. ತಂತಿಯನ್ನು ಮೆಟ್ಟಿಲಿಗೆ ಒತ್ತಿದ ಕ್ಷಣ ಆ ಮೆಟ್ಟಿಲೇ ತಂತಿಯ ತುದಿಯಾಗುತ್ತದೆ. ಆಚೆಯ ನಟ್ಟು ಮೂಳೆಯದೋ, ಪ್ಲಾಸ್ಟಿಕ್ಕಿನದೋ, ಆನೆಯ ದಂತದ್ದೋ, ಆ ಸ್ವರಕ್ಕೆ ಅದರಿಂದ ಆಗಬೇಕಾದದ್ದು ಹೇಳಿಕೊಳ್ಳುವಂಥದ್ದೇನಿಲ್ಲ. ಒತ್ತದೆ ಬಿಟ್ಟ ತಂತಿಗೆ ಮಾತ್ರ ಅದರ ಸಂಬಂಧ. ಹಾಡಿನ ಎಷ್ಟು ಸ್ವರಗಳನ್ನು ನಾವು ಬಿಟ್ಟ ತಂತಿಯಲ್ಲಿ ನುಡಿಸುತ್ತೇವೆ? ಹೊಸ ಬಿರಡೆಯಿಂದ ಶ್ರುತಿ ಸಲೀಸಾಗಿ ನಿಲ್ಲಬಹುದು. ಹಳೆಯದರ ಹಲ್ಲು ಸವೆದಿದ್ದರೆ ಬದಲಿಸಲೇಬೇಕು. ಅದು ರಿಪೇರಿ. ರಿಪೇರಿಯನ್ನು ನಾನು ಆಕ್ಷೇಪಿಸುತ್ತಿಲ್ಲ.

“ಕಿವಿಗೆ ಗೊತ್ತಾಯ್ತದೆ ಬುಡಿ ಮೇಷ್ಟ್ರೇ,” ಎಂದು ಅವನು ಎದ್ದ. ಕಿವಿಯನ್ನೇ ಕೇಳೋಣ ಎಂದು ಮುಂದಿನ ಭಾನುವಾರ ಗುಂಡ್ಲುಪೇಟೆಗೆ ಹೋದೆ. ಅವರ ಅಭ್ಯಾಸದ ಕೋಣೆಯಲ್ಲಿ ಅದೇ ಮಾದರಿಯ ಇನ್ನೊಂದು ಗಿಟಾರು, ಏನೂ ಬದಲಿಸದ್ದು, ಅವನ ಸಂಗಾತಿಯ ಬಳಿ ಇತ್ತು. ಎರಡಕ್ಕೂ ಹೊಸ ತಂತಿ ಬಿಗಿದು, ಒಂದೇ ಆಂಪ್ಲಿಫೈಯರಿಗೆ ಹಾಕಿ, ನಡುವೆ ಜಮಖಾನ ಇಳಿಬಿಟ್ಟೆವು. ಸಂಗಾತಿ ಮೀಟುವುದು, ಇವನು ಹೇಳುವುದು. ಇಪ್ಪತ್ತು ಸಲದಲ್ಲಿ ಹನ್ನೊಂದು ಸಲ ಸರಿ ಹೇಳಿದ. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ಒಂದು ವ್ಯತ್ಯಾಸವಂತೂ ನಿಜವಾಗಿಯೂ ಇತ್ತು, ಮುಚ್ಚಿಡಬಾರದು. ಮೂರನೆಯ ತಂತಿಯಲ್ಲಿ ಮೊದಲು ಬೇಗ ಸಾಯುತ್ತಿದ್ದ ಸ್ವರ ಈಗ ಚೆನ್ನಾಗಿ ನಿಲ್ಲುತ್ತಿತ್ತು. ಆದರೆ ಅದರ ಪಕ್ಕದ ಸ್ವರ ಸಾಯತೊಡಗಿತ್ತು! ಬಿರಡೆಗಳ ತೂಕ ಬದಲಾಗಿ ಕತ್ತಿನ ಕಂಪನ ಬದಲಾಗಿತ್ತು. ರೋಗ ಒಂದು ಮನೆಯಿಂದ ಮಗ್ಗುಲು ಮನೆಗೆ ಹೋಗಿತ್ತು.

ಅವನೊಬ್ಬನ ಕಿವಿಯನ್ನು ಹಳಿಯಲಾರೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದವರು ಬೆನ್ನು ಮತ್ತು ಪಕ್ಕಗಳ ಮರವೊಂದನ್ನು ಬಿಟ್ಟು ಉಳಿದೆಲ್ಲ ಒಂದೇ ಆಗಿರುವ ಆರು ಮರದ ಗಿಟಾರುಗಳನ್ನು ಮಾಡಿಸಿ, ಯಾವುದೆಂದು ಕಣ್ಣಿಗೆ ತಿಳಿಯದಂತೆ 52 ಮಂದಿ ವಾದಕರ ಕೈಗೆ ಕೊಟ್ಟರು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಆ ಆರರಲ್ಲಿ ಒಂದು ನಮ್ಮ ಕಾಡುಗಳಲ್ಲಿ ಬೆಳೆಯುವ ಬೀಟೆ. ನಾದದ ಹೆಸರಿನಲ್ಲಿ ಲೋಕವೆಲ್ಲ ಆಸೆಪಡುವ ಮರ ಅದು.

ಹಾಗಾದರೆ ವಾದ್ಯದ ಅಂಗಾಂಗಗಳಿಗೆ ಬೆಲೆಯೇ ಇಲ್ಲವೆ ಎನ್ನುವವರು ತಂಬೂರಿಯ ಮುಂದೆ ಕೂರಬೇಕು. ಅದರ ಕುದುರೆಯ ಮೇಲೆ, ತಂತಿಯ ಅಡಿಗೆ ಒಂದು ಎಳೆ ನೂಲನ್ನು ಸಿಕ್ಕಿಸಿ ಕೂದಲೆಳೆಯಷ್ಟು ಸರಿಸಿದರೆ ಮಂಕಾಗಿದ್ದ ತಂತಿ ಜೇನ್ನೊಣದಂತೆ ಮೊರೆಯುತ್ತದೆ. ನಮ್ಮವರು ಆ ನೂಲಿಗೆ ಜೀವಾಳವೆಂದು ಸುಮ್ಮನೆ ಹೆಸರಿಟ್ಟಿಲ್ಲ. ವೀಣೆ, ತಂಬೂರಿಗಳ ಕುದುರೆಯ ಬಾಗಿದ ಮೈಯಿಂದಾಗಿ, ಪುಸ್ತಕದ ನಿಯಮದಂತೆ ಏಳಬಾರದ ಉಪಸ್ವರಗಳೂ ಅಲ್ಲಿ ಏಳುತ್ತವೆಂದು ಸಿ. ವಿ. ರಾಮನ್ನರು 1921ರಲ್ಲೇ ಬರೆದರು. ತಂತಿ ಎಲ್ಲಿ, ಹೇಗೆ ತಾಗುತ್ತದೆ ಎಂಬುದು ಅಲ್ಲಿ ಮುಖ್ಯ; ತಾಗುವ ವಸ್ತುವಿನ ಬೆಲೆಯಲ್ಲ. ನೂಲಿನ ಬೆಲೆಯೆಷ್ಟು?

ಗಿಟಾರಿನಲ್ಲೂ ಇಂಥ ಬಿಟ್ಟಿ ಜೀವಾಳವೊಂದಿದೆ. ಶಿಷ್ಯನ ಗಿಟಾರಿನ ಪಿಕಪ್ಪುಗಳು ತಂತಿಗೆ ತೀರ ಹತ್ತಿರ ನಿಂತಿದ್ದವು. ಅಯಸ್ಕಾಂತ ಅಷ್ಟು ಹತ್ತಿರವಿದ್ದರೆ ತಂತಿಯನ್ನು ತನ್ನತ್ತ ಎಳೆಯುತ್ತದೆ. ದಪ್ಪ ತಂತಿಗಳ ಶ್ರುತಿ ಕದಡುತ್ತದೆ, ನಾದ ಮೊಟಕಾಗುತ್ತದೆ. ತಿರುಪುಳಿ ತರಿಸಿ ಎರಡೂ ಕಡೆಯ ತಿರುಪುಗಳನ್ನು ಎರಡೆರಡು ಸುತ್ತು ತಿರುಗಿಸಿ ಪಿಕಪ್ಪನ್ನು ಕೆಳಗಿಳಿಸಿದೆ. ಅವನು ಆರನೆಯ ತಂತಿಯನ್ನು ಮೇಲಿನ ಮೆಟ್ಟಿಲೊಂದರಲ್ಲಿ ಒತ್ತಿ ಮೀಟಿದ. ಜಮಖಾನದ ಆಚೆಯಿದ್ದ ಸಂಗಾತಿ ತಾನಾಗಿಯೇ ಕತ್ತು ಹೊರಗೆ ಹಾಕಿ, “ಈಗೇನ್ ಮಾಡುದ್ರಿ?” ಎಂದು ಕೇಳಿದ.

ಶಿಷ್ಯ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹಿತ್ತಾಳೆಯ ಬ್ರಿಡ್ಜು ಬಂದಿದ್ದ ಡಬ್ಬಿಯನ್ನು ಹುಡುಕಿ ತೆಗೆದು, ಅದರೊಳಗೆ ರಸೀದಿ ಇನ್ನೂ ಇದೆಯೇ ಎಂದು ನೋಡತೊಡಗಿದ.