ಒಂದೇ ಕೈಯ ಹೆಮ್ಮೆ

ಬೆಳ್ಳಿತೆರೆಯ ನಾಯಕನು ಎಡಗೈಯಲ್ಲಿ ಕುದುರೆಯ ಲಗಾಮನ್ನು ಹಿಡಿದು, ಬಲಗೈಯಿಂದ ಸೊಂಟದ ರಿವಾಲ್ವರನ್ನು ಸೆಳೆದು, ಗುರಿಯನ್ನು ನೋಡಿಯೂ ನೋಡದಂತೆ ಗುಂಡು ಹಾರಿಸುತ್ತಾನೆ. ಮಾಳಿಗೆಯ ಮೇಲಿದ್ದ ದುಷ್ಟನು ಉರುಳಿ ಬೀಳುತ್ತಾನೆ. ಚಿತ್ರಮಂದಿರದಲ್ಲಿ ಸಿಳ್ಳು, ಚಪ್ಪಾಳೆ! ಹೀಗೆ ಹಾರಿಸಿದ ಗುಂಡು ನಿಜವಾಗಿ ಎಲ್ಲಿಗೆ ಹೋದೀತೆಂದು ಕೇಳುವವರು ವಿರಳ. ಕೇಳಿದವರಲ್ಲಿ ಜ್ಯಾಕ್ ವೀವರ್ ಒಬ್ಬನು.

ವೀವರ್ ಅಮೆರಿಕದ ಲಾಸ್ ಏಂಜಲಿಸ್ ಕೌಂಟಿಯಲ್ಲಿ ಪೋಲೀಸ್ ಕೆಲಸದಲ್ಲಿದ್ದವನು. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯದ ಬಿಗ್ ಬೇರ್ ಎಂಬ ಗುಡ್ಡಗಾಡಿನ ಊರಿನಲ್ಲಿ ಜೆಫ್ ಕೂಪರ್ ಎಂಬಾತನು ಪಿಸ್ತೂಲು ಪಂದ್ಯಗಳನ್ನು ನಡೆಸುತ್ತಿದ್ದನು. 21 ಅಡಿ ದೂರದಲ್ಲಿ 18 ಅಂಗುಲ ಅಗಲದ ಬಲೂನುಗಳು. ಸನ್ನೆಯಾದೊಡನೆ ಚರ್ಮದ ಒರೆಯಿಂದ ಆಯುಧವನ್ನು ಸೆಳೆದು, ಬಲೂನುಗಳೆಲ್ಲವನ್ನೂ ಎದುರಾಳಿಗಿಂತ ಮೊದಲು ಒಡೆದವನೇ ವಿಜಯಿ. ಸ್ಪರ್ಧಿಗಳಲ್ಲಿ ಹೆಚ್ಚಿನವರು ಸೊಂಟದ ಮಟ್ಟದಿಂದಲೇ ಒಂದು ಕೈಯಲ್ಲಿ ಮಿಂಚಿನಂತೆ ಹಾರಿಸುತ್ತಿದ್ದರು. ಮಿಂಚಿನಂತೆಯೇ ಗುರಿ ತಪ್ಪುತ್ತಿದ್ದರು. 1959ರಲ್ಲಿ ವೀವರ್ ಆಯುಧವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಎರಡೂ ಕೈಗಳಿಂದ ಹಿಡಿದು, ಗುರಿ ನೋಡಿ ಹಾರಿಸಿದನು. ಉಳಿದವರಿಗಿಂತ ಅರೆಕ್ಷಣ ತಡವಾದರೂ ಬಲೂನು ಒಡೆಯಿತು, ಪಂದ್ಯವೂ ಅವನದಾಯಿತು.

ಎರಡನೆಯ ಕೈಯ ಅಗತ್ಯವಾದರೂ ಏನು? ಪ್ರತಿ ಕ್ರಿಯೆಗೂ ಸಮನಾದ ಪ್ರತಿಕ್ರಿಯೆಯುಂಟೆಂಬ ನ್ಯೂಟನ್ನನ ಸೂತ್ರವನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದಾರೆ. ಗುಂಡು ಮುಂದಕ್ಕೆ ಚಿಮ್ಮಿದರೆ ಆಯುಧ ಹಿಂದಕ್ಕೆ ಒದೆಯಲೇಬೇಕು. ವೀವರನ ಕೈಯಲ್ಲಿದ್ದುದು .38 ರಿವಾಲ್ವರ್, ಅದರ ಒದೆತ ಸಾಧಾರಣವಾದುದು. 1955ರಲ್ಲಿ ಬಂದ .44 ಮ್ಯಾಗ್ನಮ್ ರಿವಾಲ್ವರಿನ ಮಾತೇ ಬೇರೆ. ಸುಮಾರು 11 ಮಿಲಿಮೀಟರ್ ದಪ್ಪದ, 15 ಗ್ರಾಮಿಗೂ ಮಿಕ್ಕಿ ತೂಗುವ ಅದರ ಗುಂಡು ಸೆಕೆಂಡಿಗೆ 400 ಮೀಟರಿಗಿಂತ ಹೆಚ್ಚು ವೇಗದಿಂದ ಹೊರಡುತ್ತದೆ. ನಳಿಕೆಯು ಮುಷ್ಟಿಗಿಂತ ಮೇಲಿರುವುದರಿಂದ ಒದೆತ ನೇರವಾಗಿ ಹಿಂದಕ್ಕೆ ಬಾರದೆ ಆಯುಧದ ಮೂತಿಯನ್ನು ಆಕಾಶದ ಕಡೆಗೆ ಎತ್ತುತ್ತದೆ. ಸಡಿಲ ಮುಷ್ಟಿಯಾದರೆ ಅದು ಹಿಡಿದವನ ಹಣೆಗೇ ಬಡಿದೀತು.

ಆದುದರಿಂದ ಮೊದಲ ಪಾಠವೇ ಹಿಡಿತದ್ದು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಣ ಸಂದು ಆಯುಧದ ಹಿಡಿಯ ಹಿಂಬದಿಯಲ್ಲಿ ಸಾಧ್ಯವಾದಷ್ಟು ಮೇಲೆ, ನಳಿಕೆಯ ನೇರಕ್ಕೆ, ಕೂಡಬೇಕು. ಎಡಗೈಯ ಬೆರಳುಗಳು ಬಲಗೈಯ ಬೆರಳುಗಳನ್ನು ಸುತ್ತಿ ಬಿಗಿಯಬೇಕು. ಇಲ್ಲೊಂದು ಎಚ್ಚರಿಕೆ: ರಿವಾಲ್ವರಿನಲ್ಲಿ ತಿರುಗುವ ಗುಂಡಿನ ಮನೆಗೂ ನಳಿಕೆಗೂ ನಡುವೆ ಸಣ್ಣದೊಂದು ಸಂದಿಯಿದೆ. ಅಲ್ಲಿಂದ ಸಿಡಿಯುವ ಬಿಸಿ ಅನಿಲವು, ತೋಟಾ ದೊಡ್ಡದಾದರೆ, ಬೆರಳನ್ನೇ ಸೀಳಬಲ್ಲದು. ಯಾವ ಬೆರಳೂ ಅದರ ಬಳಿ ಸುಳಿಯಕೂಡದು.

ಎರಡನೆಯದು ನಿಲುವು. ವೀವರನ ಕ್ರಮದಲ್ಲಿ ಎಡಗಾಲು ತುಸು ಮುಂದೆ, ಮೈ ಕೊಂಚ ಓರೆ, ಮೊಣಕೈಗಳು ಮಡಿಸಿರುತ್ತವೆ. ಬಲಗೈ ಆಯುಧವನ್ನು ಮುಂದಕ್ಕೆ ನೂಕುತ್ತದೆ, ಎಡಗೈ ಹಿಂದಕ್ಕೆ ಎಳೆಯುತ್ತದೆ. ಈ ಜಗ್ಗಾಟದಲ್ಲೇ ಆಯುಧ ಸ್ಥಿರವಾಗುತ್ತದೆ. ಎರಡೂ ತೋಳುಗಳನ್ನು ಚಾಚಿ, ಎದೆಯನ್ನು ಗುರಿಗೆ ಎದುರಾಗಿಸಿ, ತ್ರಿಕೋನದಂತೆ ನಿಲ್ಲುವ ಇನ್ನೊಂದು ಕ್ರಮವೂ ಉಂಟು. 1980ರ ದಶಕದಲ್ಲಿ ರಾಬ್ ಲೇಥಮ್, ಬ್ರಯನ್ ಈನೋಸ್ ಎಂಬ ಸ್ಪರ್ಧಿಗಳು ಅದಕ್ಕೆ ಹೊಸ ಕಳೆ ತಂದರು. ಕ್ರಮ ಯಾವುದಾದರೂ ಸೊಂಟದಿಂದ ಮೇಲೆ ಮೈ ಮುಂದಕ್ಕೆ ವಾಲಿರಬೇಕು. ಹಿಂದಕ್ಕೆ ವಾಲಿ ನಿಂತವನನ್ನು ಮೊದಲ ಗುಂಡೇ ತಬ್ಬಿಬ್ಬು ಮಾಡುತ್ತದೆ.

ಹಿಡಿತವೂ ನಿಲುವೂ ಸರಿಯಾದ ಮೇಲೆ ಉಳಿಯುವ ಶತ್ರು ಒಬ್ಬನೇ, ಭಯ. ಸದ್ದಿಗೂ ಒದೆತಕ್ಕೂ ಅಂಜಿದ ಕೈ, ಗುಂಡು ಹಾರುವ ಮುನ್ನವೇ ಮೂತಿಯನ್ನು ಕೆಳಗೆ ಒತ್ತಿಬಿಡುತ್ತದೆ. ಆದರೆ ಒದೆತದ ಗೊಂದಲದಲ್ಲಿ ಈ ತಪ್ಪು ಮಾಡಿದವನಿಗೇ ತಿಳಿಯದು. ಅನುಭವಿ ಶಿಕ್ಷಕರು ಇದಕ್ಕೊಂದು ಉಪಾಯ ಹೂಡುತ್ತಾರೆ. ನಿಜವಾದ ತೋಟಾಗಳ ನಡುವೆ ಒಂದೆರಡು ಹುಸಿ ತೋಟಾಗಳನ್ನು ಶಿಷ್ಯನಿಗೆ ತಿಳಿಯದಂತೆ ತುಂಬಿ ಕೊಡುತ್ತಾರೆ. ಟಿಕ್ಕೆಂದು ಸದ್ದಾಗುತ್ತದೆ, ಗುಂಡು ಹಾರುವುದಿಲ್ಲ. ಮೂತಿ ಮಾತ್ರ ನೆಲದ ಕಡೆಗೆ ಬಾಗಿರುತ್ತದೆ! ತನ್ನ ಅಂಜಿಕೆಯನ್ನು ಕಣ್ಣಾರೆ ಕಂಡವನು ಮಾತ್ರ ಅದನ್ನು ತಿದ್ದಿಕೊಳ್ಳುತ್ತಾನೆ. ದೊಡ್ಡ ಆಯುಧವನ್ನು ಮುಟ್ಟುವ ಮೊದಲು ಸಣ್ಣ .22ರಲ್ಲಿ ಪಳಗಬೇಕೆಂಬುದೂ, ಕಿವಿಗೆ ರಕ್ಷಣೆಯಿರಬೇಕೆಂಬುದೂ ಇದೇ ಕಾರಣದಿಂದ.

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿದು ಕಂಚಿನ ಪದಕ ಗೆಲ್ಲಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಅಲ್ಲಿ ಒಂದು ಕೈ ಎಂಬುದು ಪಂದ್ಯದ ನಿಯಮ. ಆಯುಧವೂ ಒದೆತವಿಲ್ಲವೆನ್ನಬಹುದಾದ ಗಾಳಿಪಿಸ್ತೂಲು. ಪೋಲೀಸಿನವನ ಪಾಡು ಹಾಗಲ್ಲ. ಗುರಿ ತಪ್ಪಿದ ಅವನ ಗುಂಡು ಬೀದಿಯಲ್ಲಿ ಹೋಗುತ್ತಿರುವ ಯಾರ ಎದೆಯನ್ನು ಹೊಕ್ಕೀತೋ ಬಲ್ಲವರಾರು? ಅಮೆರಿಕದ ಎಫ್‌.ಬಿ.ಐ. 1982ರಲ್ಲಿ ವೀವರನ ನಿಲುವನ್ನು ಅಂಗೀಕರಿಸಿತು.

ಒಂದೇ ಕೈಯಿಂದ ಚಪ್ಪಾಳೆಯಾಗದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಬಿಗ್ ಬೇರಿನಲ್ಲಿ ಅಂದು ವೀವರ್ ಮಾಡಿದ್ದು ಇಷ್ಟೇ: ಒಂದೇ ಕೈ ಸಾಕೆಂಬ ಹೆಮ್ಮೆಯನ್ನು ಬಿಟ್ಟು, ಸುಮ್ಮನೆ ಜೋಲುತ್ತಿದ್ದ ಇನ್ನೊಂದು ಕೈಗೂ ಕೆಲಸ ಕೊಟ್ಟನು.