ವಿಲ್ಸನ್ ಕಾಯಿಲೆಯಿಂದ ನೆನಪು, ಕಲಿಕೆ ಕುಂದಿದವರ ಪರವಾಗಿ ಮನವಿ ಪತ್ರ

ಇವರಿಗೆ,
ಸರ್ಕಾರದ ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ವಿಲ್ಸನ್ ಕಾಯಿಲೆ ಇರುವವರಿಗೆ ತಪಾಸಣೆ, ಔಷಧಿ ಹಾಗೂ ಅಂಗವಿಕಲತೆ ಪ್ರಮಾಣಪತ್ರ ಒದಗಿಸುವ ಬಗ್ಗೆ

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಂದೆ-ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದ ಮಕ್ಕಳಿಗೆ ವಿಲ್ಸನ್ ಕಾಯಿಲೆ ಬರುತ್ತದೆ. ಆಹಾರದ ತಾಮ್ರ ಪಿತ್ತದ ಮೂಲಕ ಹೊರಹೋಗದೆ ಯಕೃತ್ತಿನಲ್ಲಿ, ಆಮೇಲೆ ಮಿದುಳಿನಲ್ಲಿ ಶೇಖರವಾಗುತ್ತದೆ. ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ಕಂಡ 282 ರೋಗಿಗಳ ವಿವರವನ್ನು 2007ರಲ್ಲೇ ಪ್ರಕಟಿಸಿದ್ದಾರೆ. ರಕ್ತಸಂಬಂಧದಲ್ಲಿ ಮದುವೆ ನಡೆಯುವ ನಮ್ಮ ರಾಜ್ಯದಲ್ಲಿ ಈ ಕಾಯಿಲೆಯನ್ನು ಕಡೆಗಣಿಸುವಂತಿಲ್ಲ.

ಕೈನಡುಕ, ತೊದಲು ಮಾತು ಎಲ್ಲರ ಕಣ್ಣಿಗೂ ಬೀಳುತ್ತವೆ. ಅವುಗಳ ಜೊತೆಗೆ, ಕೆಲವೊಮ್ಮೆ ಅವುಗಳಿಗಿಂತ ಮೊದಲೇ, ಬುದ್ಧಿಗೆ ಮಂಕು ಕವಿಯುತ್ತದೆ. ದುಂಡಗೆ ಬರೆಯುತ್ತಿದ್ದ ಹುಡುಗಿಯ ಅಕ್ಷರ ಪುಟದ ಕೊನೆಗೆ ಬರುವಷ್ಟರಲ್ಲಿ ಸಣ್ಣದಾಗಿ ಗೀಚಾಗುತ್ತದೆ. ಓದಿದ್ದು ತಲೆಯಲ್ಲಿದ್ದರೂ ಅದನ್ನು ನೆನಪಿಸಿಕೊಂಡು ಬರೆಯುವುದರೊಳಗೆ ಪರೀಕ್ಷೆಯ ವೇಳೆ ಮುಗಿಯುತ್ತದೆ. ಶಾಲೆಯಲ್ಲಿ ಸೋಮಾರಿ, ಮನೆಯಲ್ಲಿ ಹಟಮಾರಿ ಎನಿಸಿಕೊಳ್ಳುತ್ತಾಳೆ. ಎಷ್ಟೋ ಮಂದಿ ಬರೀ ಮಾನಸಿಕ ರೋಗಕ್ಕೆ ಮಾತ್ರೆ ನುಂಗುತ್ತಾ ವರ್ಷ ಕಳೆಯುತ್ತಾರೆ. ಬೇಗ ಗುರುತಿಸಿ ಔಷಧಿ ಕೊಟ್ಟರೆ ಹಾನಿ ತಡೆಯಬಹುದು. ತಡವಾದರೆ ಕಳೆದುಕೊಂಡದ್ದೆಲ್ಲ ಮರಳುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು:

1. ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ರಕ್ತದ ಸೆರುಲೋಪ್ಲಾಸ್ಮಿನ್, 24 ಗಂಟೆಗಳ ಮೂತ್ರದ ತಾಮ್ರ ಹಾಗೂ ಸ್ಲಿಟ್ ಲ್ಯಾಂಪ್ ಕಣ್ಣಿನ ಪರೀಕ್ಷೆ ಉಚಿತವಾಗಿ ಸಿಗಬೇಕು.

2. ಒಬ್ಬರಿಗೆ ಕಾಯಿಲೆ ಇದ್ದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ಅದು ಇರುವ ಸಂಭವ ನಾಲ್ಕರಲ್ಲಿ ಒಂದು. ಅವರೆಲ್ಲರ ತಪಾಸಣೆ ಕಡ್ಡಾಯವಾಗಬೇಕು.

3. ಪೆನಿಸಿಲಮೈನ್ ಮತ್ತು ಜಿಂಕ್ ಮಾತ್ರೆಗಳು ಜೀವನಪರ್ಯಂತ ಬೇಕು. ನಡುವೆ ನಿಂತರೆ ಪ್ರಾಣಕ್ಕೇ ಅಪಾಯ. ಜಿಲ್ಲಾ ಔಷಧಾಲಯಗಳಲ್ಲಿ ದಾಸ್ತಾನು ಎಂದೂ ಖಾಲಿಯಾಗಬಾರದು.

4. ರೋಗ ಪತ್ತೆಯಾದಾಗಲೂ ನಂತರ ಪ್ರತಿ ವರ್ಷವೂ ಮನಶ್ಶಾಸ್ತ್ರಜ್ಞರಿಂದ ನೆನಪು, ಗಮನ, ಯೋಚನೆಯ ವೇಗದ ಪರೀಕ್ಷೆ ನಡೆಯಬೇಕು. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗಾಗಿ ವೈದ್ಯಕೀಯ ಮಂಡಳಿ ಕೈಕಾಲಿನ ಶಕ್ತಿಯ ಜೊತೆ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

5. ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರ 17ನೇ ಕಲಮು ಹೇಳುವ ಹೆಚ್ಚುವರಿ ಸಮಯ, ಬರವಣಿಗೆ ಸಹಾಯಕರ ಸೌಲಭ್ಯ ಎಸ್‌ಎಸ್‌ಎಲ್‌ಸಿ, ಪಿಯುಸಿ ಓದುವ ಈ ಮಕ್ಕಳಿಗೂ ಸಿಗುವಂತೆ ಶಾಲಾ ಶಿಕ್ಷಣ ಇಲಾಖೆಗೆ ಪತ್ರ ಬರೆಯಬೇಕು.

ಔಷಧಿ ಪೂರೈಕೆ ಮತ್ತು ಒಡಹುಟ್ಟಿದವರ ತಪಾಸಣೆ ಕಾಯುವ ಕೆಲಸಗಳಲ್ಲ. ಇವೆರಡನ್ನು ಮೊದಲು ಕೈಗೆತ್ತಿಕೊಂಡು, ಉಳಿದವುಗಳ ಬಗ್ಗೆ ಲಿಖಿತ ಉತ್ತರ ನೀಡಬೇಕೆಂದು ತಮ್ಮಲ್ಲಿ ಪ್ರಾರ್ಥಿಸುತ್ತೇವೆ.



ತಮ್ಮ ವಿಶ್ವಾಸಿಗಳು,
ವಿಲ್ಸನ್ ಕಾಯಿಲೆ ಇರುವವರ ಪೋಷಕರು ಹಾಗೂ ಒಡಹುಟ್ಟಿದವರು